ಬಾಗಿನದ ತಟ್ಟೆಯಲ್ಲಿಟ್ಟ ಪತ್ರ

ಅಕ್ಕನ ಮನೆ ಹೋದದ್ದು ನನ್ನಿಂದ. ಯಾರಾದರೂ ಕೇಳಿದರೆ ‘ಸ್ವೀಡನ್ನಿನ ರೂಲ್ಸೇ ಹಾಗೆ’ ಎಂದು ಜಾರಿಕೊಳ್ಳುತ್ತೇನೆ, ಆ ಮಾತು ಬೇರೆ.

ಗಂಡನನ್ನು ಬಿಟ್ಟ ಮೇಲೆ ಅಕ್ಕ ಉಪ್ಸಾಲಾದ ಒಂದು ದಾಗಿಸ್, ಅಂದರೆ ಶಿಶುವಿಹಾರದಲ್ಲಿ ಪುಟ್ಟ ಮಕ್ಕಳಿಗೆ ಅಡುಗೆ ಮಾಡುತ್ತಿದ್ದಳು. ಕಡಿಮೆ ಸಂಬಳದವರಿಗೆಂದು ಕೊಮ್ಯೂನ್, ಅಂದರೆ ಅಲ್ಲಿನ ನಗರಸಭೆ, ಅಗ್ಗಕ್ಕೆ ಮಾರಿದ ಮನೆಗಳಲ್ಲಿ ಅವಳಿಗೂ ಒಂದು ಸಿಕ್ಕಿತು. ಒಂದು ರೂಮು, ಅಂಗೈಯಗಲದ ಬಾಲ್ಕನಿ. ಷರತ್ತು ಒಂದೇ: ಬೇರೆ ಹೆಸರಿಗೆ ಮಾಡಿದರೆ ಮನೆ ವಾಪಸ್. “ಲೈಫಲ್ಲಿ ಫಸ್ಟ್ ಟೈಮ್ ಕಣೋ, ‘ಎದ್ದು ಆಚೆ ಹೋಗು’ ಅಂತ ಯಾರೂ ಅನ್ನೋ ಹಾಗಿಲ್ಲ,” ಎಂದಿದ್ದಳು.

ನಾನೂ ಅದೇ ಊರಲ್ಲಿ ಕೆಲಸಕ್ಕಿದ್ದೆ. ಆಮೇಲೆ ಬಸ್ ಓಡಿಸುವ ಸ್ವೀಡಿಶ್ ಮನುಷ್ಯನೊಬ್ಬ ಆ ಬಾಲ್ಕನಿಯಲ್ಲಿ ಕಾಫಿ ಕುಡಿಯುವುದು ನನ್ನ ಕಣ್ಣಿಗೆ ಬಿತ್ತು. ನಿಜ ಹೇಳುತ್ತೇನೆ, ಮೈಯೆಲ್ಲ ಉರಿಯಿತು. ನಾಳೆ ಇವನನ್ನೇ ಕಟ್ಟಿಕೊಂಡರೆ ಮನೆ ಇವನ ಪಾಲು! ಬೆಂಗಳೂರಿನ ನಮ್ಮ ಆಡಿಟರ್‌ಗೆ ಫೋನ್ ಮಾಡಿದೆ. ಫ್ಯಾಮಿಲಿ ಟ್ರಸ್ಟ್ ಮಾಡಿ, ಮನೆ ಅದರ ಹೆಸರಿಗೆ ಬರೆಸಿ ಎಂದರು. ಟ್ರಸ್ಟಿಗೆ ಮನೆದೇವರ ಹೆಸರು, ಟ್ರಸ್ಟಿ ನಾನು, ಅಕ್ಕನ ನಂತರ ಮನೆ ನನ್ನ ಮಕ್ಕಳಿಗೆ. ಷರತ್ತಿನ ವಿಷಯ ಹೇಳಿದೆ. “ಟ್ರಸ್ಟ್ ಅಂದ್ರೆ ಬೇರೆಯವ್ರಾ ಸಾರ್? ಫ್ಯಾಮಿಲಿನೇ ಅಲ್ವಾ?” ಎಂದರು. ನನಗೂ ಅಷ್ಟೇ ಬೇಕಿತ್ತು.

ಗೌರಿ ಹಬ್ಬಕ್ಕೆ ಅಕ್ಕನಿಗೆ ತವರಿನ ಬಾಗಿನ ಒಯ್ದೆ. ಇಲ್ಲಿ ಮೊರ ಎಲ್ಲಿಂದ ತರೋದು, ಸ್ಟೀಲ್ ತಟ್ಟೆ. ಸೀರೆ, ಬಳೆ, ಅರಿಶಿನ ಕುಂಕುಮ, ಅವುಗಳ ಕೆಳಗೆ ಟ್ರಸ್ಟಿನ ಪತ್ರ. ತವರಿನಿಂದ ಬಂದದ್ದನ್ನು ಹಬ್ಬದ ದಿನ ಯಾರೂ ಪರೀಕ್ಷಿಸುವುದಿಲ್ಲ, ಕಣ್ಣಿಗೊತ್ತಿಕೊಳ್ಳುತ್ತಾರೆ. ಗೊತ್ತಿದ್ದೇ ಆ ದಿನ ಆರಿಸಿದ್ದೆ.

“ಏನೋ ಇದು ಪೇಪರ್ರು?”

“ನಿನ್ ಸೇಫ್ಟಿಗೇ ಅಕ್ಕ. ಯಾಕೆ, ತಮ್ಮನ ಮೇಲೆ ನಂಬಿಕೆ ಇಲ್ವಾ?”

“ಥೂ, ಬಿಡ್ತು ಅನ್ನು!” ಎಂದು ಓದದೇ ಸೈನ್ ಮಾಡಿದಳು. ಆಮೇಲೆ ಹೋಳಿಗೆ ಬಡಿಸಿದಳು. ಎರಡು ತಿಂದೆ.

ಪತ್ರವನ್ನು ಕೊಮ್ಯೂನ್‌ಗೆ ನಾನೇ ಜಂಬದಿಂದ ಕಳಿಸಿದೆ. ತಿಂಗಳೊಳಗೆ ಇಬ್ಬರನ್ನೂ ಕರೆಸಿದರು. ಟ್ರಸ್ಟು ಕುಟುಂಬದ್ದೋ ದೇವರದ್ದೋ, ಕೊಂಡವಳ ಹೆಸರು ಬಿಟ್ಟು ಬೇರೆ ಯಾವುದೂ ನಡೆಯದು, ಮನೆ ವಾಪಸ್ ಎಂದಳು ಅಧಿಕಾರಿ. ಆಮೇಲೆ ದನಿ ತಗ್ಗಿಸಿ ಅಕ್ಕನನ್ನು ಕೇಳಿದಳು: ನಿಮಗೆ ಯಾರಾದರೂ ಮೋಸ ಮಾಡಿ ಸೈನ್ ಹಾಕಿಸಿದರಾ? ಹೌದೆಂದರೆ ಸಾಕು, ಪತ್ರ ರದ್ದು. ನಿಮ್ಮ ಮನೆ ನಿಮಗೆ, ಪೊಲೀಸ್ ದೂರು ಅವರ ಮೇಲೆ.

ಅಕ್ಕ ನನ್ನ ಕಡೆ ತಿರುಗಿದಳು. ನನ್ನ ವರ್ಕ್ ಪರ್ಮಿಟ್ ರಿನ್ಯೂವಲ್‌ಗೆ ಹೋಗಿತ್ತು, ಪೊಲೀಸ್ ಕೇಸಾದರೆ ಅದು ಸಿಗುವ ಹಾಗಿರಲಿಲ್ಲ. ನಾನು ಶೂ ನೋಡುತ್ತಾ ಕೂತೆ. ಅಕ್ಕ ಅಧಿಕಾರಿಯ ಕಡೆ ತಿರುಗಿ ಸ್ವೀಡಿಶ್‌ನಲ್ಲಿ ‘ಇಲ್ಲ’ ಎಂದಳು. ಥೂ ನನ್ನ ಜನ್ಮಕ್ಕೆ, ನನಗೆ ಆಗ ಆದದ್ದು ಸಮಾಧಾನ.

ಈಗ ಅವಳು ದೂರದ ಶೋವ್ಡೆ ಎಂಬ ಊರಿನಲ್ಲಿ, ಯಾರದೋ ಮನೆಯ ಒಂದು ಬಾಡಿಗೆ ರೂಮಿನಲ್ಲಿದ್ದಾಳೆ. ಬಸ್ಸಿನವನು ಅಷ್ಟು ದೂರ ಹಿಂದೆ ಬರಲಿಲ್ಲ. ಕಳೆದ ಗೌರಿಗೆ ಅಲ್ಲಿಗೇ ಬಾಗಿನ ಒಯ್ದೆ, ಮೊದಲಿಗಿಂತ ದುಬಾರಿ ಸೀರೆ. ಅಕ್ಕ ತಟ್ಟೆ ಇಸಿದುಕೊಂಡು ಮಂಚದ ಮೇಲಿಟ್ಟಳು, ಕಣ್ಣಿಗೊತ್ತಿಕೊಳ್ಳಲಿಲ್ಲ. ಸೀರೆ ಎತ್ತಿ ಅಡಿಯಲ್ಲಿ ನೋಡಿದಳು. ಬ್ಯಾಗಿನಿಂದ ಪೆನ್ನು ತೆಗೆದು ಕ್ಯಾಪ್ ಬಿಚ್ಚಿದಳು.

“ಈ ಸಲ ಎಲ್ಲಿ ಮಾಡ್ಬೇಕೋ ಸೈನು?”