ಜಪಸರದ ಲೂರ್ದಮ್ಮ

ಹುಣಸೂರಿನ ಸುತ್ತ ಯಾವ ಕ್ರೈಸ್ತರ ಮನೆಯಲ್ಲಿ ಸಾವಾದರೂ ಆಸ್ಪತ್ರೆಯಿಂದ ಹೆಣ ಬರುವ ಮೊದಲೇ ಅಲ್ಲಿ ಲೂರ್ದಮ್ಮ ಬಂದು ಕೂತಿರುತ್ತಾರೆ. ಅವರು ಬಸ್ಸು ಹತ್ತಿದ್ದು ಕಂಡರೆ ಸಾಕು, ಶವಪೆಟ್ಟಿಗೆ ಮಾಡುವ ಖದೀರ್ ಯಾರನ್ನೂ ಕೇಳದೆ ಹಲಗೆ ಹೊರಗೆ ತೆಗೆಯುತ್ತಾನೆ. ಎಲೆಅಡಿಕೆ ಚೀಲದಲ್ಲೇ ಇರುವ ಅವರ ಜಪಸರಕ್ಕೆ ಸದಾ ಹೊಗೆಸೊಪ್ಪಿನ ಘಾಟು. ಮಣಿ ಹಿಡಿದು ಜಪ ಹೇಳಿಕೊಡಲು ಶುರುವಿಟ್ಟರೆ ಸತ್ತವರೂ ಎದ್ದು ದನಿಗೂಡಿಸಬೇಕು, ಹಾಗಿರುತ್ತದೆ ಗಂಟಲು. ತೂಕಡಿಸಿದವರ ಪಕ್ಕೆಗೆ ಮೊಣಕೈ ತಿವಿತ. ಅವರೆದುರು ಪಾದ್ರಿಗಳು ಕೂಡ ಗಡಿಯಾರ ನೋಡುವುದಿಲ್ಲ. ಇಂಥ ಅತ್ತೆಯನ್ನು ತಿದ್ದಲೇಬೇಕೆಂದು ಜಪಸರವನ್ನೇ ಒಪ್ಪದ ಪೆಂತೆಕೋಸ್ತ್ ಸಭೆಗೆ ಹೋಗುವ ಸೊಸೆ ಪ್ರೇಮಾ ಒಂದು ದಿನ ಬೈಬಲ್ ಬಿಚ್ಚಿಕೊಂಡೇ ಕೂತಳು. "ಸತ್ತೋರಿಗೆ ಜಪ ಮಾಡಿ ಅಂತ ಇದ್ರಲ್ಲಿ ಎಲ್ಲದೆ ಅತ್ತೆ? ಯಾರಿಗೆ ಕೇಳಿಸ್ತದೆ ನಿಮ್ ಜಪ?" ಲೂರ್ದಮ್ಮ ಎಲೆಗೆ ಸುಣ್ಣ ಸವರುತ್ತಾ, "ಯಾರ್ಗೂ ಕೇಳ್ಸಲ್ಲ ಕಣವ್ವ. ಮ್ಯಾಲೆ ಯಾರೂ ಇಲ್ಲ ಬುಡು" ಅಂದರು. ಜಗಳಕ್ಕೆ ಸಜ್ಜಾಗಿದ್ದ ಪ್ರೇಮಾ ಬೈಬಲ್ ಮುಚ್ಚಿ ಅತ್ತೆಯ ಮುಖ ನೋಡಿದಳು. ಮೇರಿ ಮಾತೆಯ ಪಟಕ್ಕೆ ದಿನಾ ಹೂ ಇಡುವ ಹೆಂಗಸು ಆಡುವ ಮಾತೇ ಇದು? "ಕೊರೋನಾದಾಗ ನಿಮ್ಮಾವ ತೀರೋದ್ರಲ್ಲ, ಒಂದ್ ನರಪಿಳ್ಳೆ ಬರ್ನಿಲ್ಲ. ದೇವ್ರೂ ಬರ್ನಿಲ್ಲ. ಮನೆ ಗವ್ ಅಂತಿತ್ತು, ನಾನೊಬ್ಳೇ ಕೂತಿದ್ದೆ." ಅಷ್ಟರಲ್ಲಿ ಫೋನು ಬಂತು, ಅಂತರಸಂತೆಯಲ್ಲಿ ಯಾರೋ ತೀರಿಕೊಂಡಿದ್ದರು. ಪ್ರೇಮಾ ತೆರೆದ ಬಾಯಿ ಮುಚ್ಚುವುದರೊಳಗೆ ಲೂರ್ದಮ್ಮ ಜಪಸರದ ಚೀಲ ಸೊಂಟಕ್ಕೆ ಸಿಕ್ಕಿಸಿ ಚಪ್ಪಲಿ ಮೆಟ್ಟಿದ್ದರು: "ಬತ್ತೀಯೇನವ್ವ? ಆ ಮನೇನೂ ಈಗ ಗವ್ ಅಂತಿರ್ತದೆ."