ಹಾಲಮ್ಮನಿಗೆ ಕಲಿಸಿದ ಇಂಗ್ಲಿಷ್ ಮಾತು

ಹೋದ ವಾರ ಮಂಡಿನೋವಿನ ಎಣ್ಣೆ ತರೋಣವೆಂದು ಔಷಧಿ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ನಿಂತಿದ್ದ ಸೊಪ್ಪು ಮಾರುವ ಹೆಂಗಸು, "ಆಸ್ತಮಾ ಗುಳಿಗೆ ಕೊಡಪ್ಪ, ಮೊನ್ನೆ ಕೊಟ್ಟಿದ್ಯಲ್ಲ, ಅದೇ" ಎಂದಳು. ಸಾಬೂನು ಕೇಳುವಷ್ಟು ಸಲೀಸಾಗಿ ಕೇಳಿದಳು, ಅಂಗಡಿಯವನು ಅಷ್ಟೇ ಸಲೀಸಾಗಿ ಕೊಟ್ಟ. ನನಗೆ ಮಾತ್ರ ನಾನು ಏನು ಕೊಳ್ಳಲು ಬಂದೆ ಎಂಬುದೇ ಮರೆತುಹೋಯಿತು. ನಮ್ಮ ಸೀಮೆಯಲ್ಲಿ ಆ ಪದ ಬಲ್ಲವರು ನಾಲ್ಕೈದು ಜನ ಇದ್ದ ಕಾಲ ಒಂದಿತ್ತು. ಅವರಲ್ಲಿ ನಾನೂ ಒಬ್ಬನೆಂದು ಮೀಸೆ ತಿರುವುತ್ತಿದ್ದೆ. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ ಅನ್ನುವುದು ಬೇರೆ ಮಾತು.

ನಮ್ಮದು ನ್ಯಾಮತಿ. ಅಪ್ಪ ಮಂಡಕ್ಕಿ ಭಟ್ಟಿ ಇಟ್ಟಿದ್ದರು. ನೀವು ಮಂಡಕ್ಕಿ ತಿಂದಿರುತ್ತೀರಿ, ಭಟ್ಟಿ ನೋಡಿರಲಿಕ್ಕಿಲ್ಲ. ಒಲೆಗೆ ಭತ್ತದ ಹೊಟ್ಟು ತುರುಕಿ, ಬಾಣಲೆಯಲ್ಲಿ ಮರಳು ಕಾಯಿಸಿ, ಅಕ್ಕಿ ಸುರಿದು ಕೈಯಾಡಿಸಿದರೆ ಕಣ್ಣೆದುರಿಗೇ ಬೆಳ್ಳಗೆ ಅರಳುತ್ತದೆ. ನೋಡಲು ಬಲು ಚೆಂದ. ಆದರೆ ಹೊಗೆ ವಿಪರೀತ, ಮತ್ತು ನಾವು ಇದ್ದದ್ದು ಭಟ್ಟಿಯ ಹಿಂದಿನ ಎರಡು ಕೋಣೆಯಲ್ಲಿ. ನನ್ನ ತಂಗಿ ಹಾಲಮ್ಮನಿಗೆ ಮೂರು ವರ್ಷಕ್ಕೇ ಗೂರಲು ಹತ್ತಿತು. ಬಂದಾಗ ಎರಡೂ ಕೈ ನೆಲಕ್ಕೂರಿ ಕುಕ್ಕರುಗಾಲಲ್ಲಿ ಕೂತುಬಿಡುವಳು. ಕತ್ತಿನ ಕುಳಿ ಒಳಕ್ಕೆ ಹೋಗಿ ಹೋಗಿ ಬರುವುದು, ಎದೆಯಿಂದ ಸಣ್ಣ ಸಿಳ್ಳಿನಂಥ ಸದ್ದು. ಮಾತಾಡಿಸಿದರೆ ಒಂದು ಬೆರಳೆತ್ತಿ ತಡಿ ಎಂದು ಸನ್ನೆ ಮಾಡುವಳು. ಉಸಿರು ತಿರುಗಿದ ಮೇಲೆ, ನಮ್ಮನ್ನೆಲ್ಲ ಹೆದರಿಸಿದ್ದಕ್ಕೆ ತಪ್ಪಾಯಿತು ಅನ್ನುವ ಹಾಗೆ ನಗುವಳು. ಆ ನಗು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಹಾಲಮ್ಮನಿಗೆ ಹದಿನಾಲ್ಕು. ನಾನು ಹೊನ್ನಾಳಿಯ ಸ್ಕೂಲಿನಲ್ಲಿ ಓದುತ್ತಿದ್ದೆ. ಅಪ್ಪ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಅಲ್ಲಿನ ಆಸ್ಪತ್ರೆಗೆ ಬಂದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಚೀಟಿಯ ಮೇಲೆ ಒಂದೇ ಒಂದು ಪದ ಬರೆದರು. "ಇದು ಬಿಟ್ಟು ಹೋಗೋ ಕಾಯಿಲೆ ಅಲ್ಲ. ಹೊಗೆಯಿಂದ ದೂರ, ಒಣ ಹವೆ ಇರೋ ಊರಾಗೆ ಇಡ್ರಿ. ಬಾಳ್ತಾಳೆ" ಎಂದರು. ಅಪ್ಪ ಹವೆಯ ಮಾತು ಹಿಡಿದುಕೊಂಡರು, ನಾನು ಚೀಟಿ ಹಿಡಿದುಕೊಂಡೆ. ಮರುದಿನ ಮೇಷ್ಟರ ಡಿಕ್ಷನರಿ ಕೇಳಿ ಪಡೆದು ಆ ಪದ ಹುಡುಕಿದೆ. ಅದು ಕೊಟ್ಟ ಅರ್ಥ ತಿಳಿಯಲು ಇನ್ನೂ ಐದು ಪದ ಹುಡುಕಬೇಕಾಯಿತು. ಕೊನೆಗೆ ಸಿಕ್ಕಿದ್ದು ನಮ್ಮ ಗೂರಲೇ. ನಿಜ ಹೇಳಬೇಕೆಂದರೆ ನನಗೆ ನಿರಾಶೆಯಾಯಿತು. ಇಂಗ್ಲಿಷಿನಲ್ಲಿ ಇನ್ನೇನೋ ದೊಡ್ಡದಿರಬಹುದು ಅಂದುಕೊಂಡಿದ್ದೆ.

ಒಣ ಹವೆಯ ಊರಿಗೆ ಹೆಣ್ಣು ಮಗಳನ್ನು ಕಳಿಸುವ ದಾರಿ ನಮ್ಮಂಥವರಿಗೆ ಒಂದೇ, ಮದುವೆ. ಮೊದಲು ಬಂದದ್ದು ಚನ್ನಗಿರಿ ಕಡೆಯ ತ್ಯಾವಣಿಗೆಯ ಸಂಬಂಧ. ಒಣ ಸೀಮೆ ಅಲ್ಲದಿದ್ದರೂ ಭಟ್ಟಿಯ ಹೊಗೆಯಂತೂ ಇಲ್ಲವಲ್ಲ ಎಂದು ಅಪ್ಪ ಒಪ್ಪಿದ್ದರು. ಅಷ್ಟರಲ್ಲಿ ನಮ್ಮ ಓಣಿಯವರೇ ಯಾರೋ ಗಂಡಿನವರ ಕಿವಿಗೆ ಗೂರಲು ಎಂದು ಹಾಕಿದರು. ನಾವು ಕೊಟ್ಟ ಹಾಲನ್ನೂ ಕುಡಿಯದೆ ಅವರು ಎದ್ದು ಹೋದರು. ಅಂದಿನಿಂದ ಮನೆಯಲ್ಲಿ ಆ ಮಾತನ್ನು ಯಾರೂ ಆಡಲಿಲ್ಲ. ಅವ್ವ ಸಹ "ಅದು ಬಂದೈತೆ" ಅನ್ನುತ್ತಿದ್ದಳು.

ವರ್ಷ ಕಳೆದ ಮೇಲೆ ಜಗಳೂರು ಕಡೆಯ ಸೊಕ್ಕೆಯಿಂದ ಗಂಡಿನವರು ಬಂದರು. ಹುಡುಗ ತಿಪ್ಪೇಶಪ್ಪ ಮಾತು ಕಮ್ಮಿ, ಒಳ್ಳೆಯವನು. ಸೀಮೆ ಡಾಕ್ಟರು ಹೇಳಿದಂತೆಯೇ ಒಣ. ಎಲೆ ಅಡಿಕೆ ಬದಲಾಯಿಸುವ ಮುಂಚೆ ಅವರ ಹಿರಿಯರು ಎಲ್ಲರ ಎದುರು ಕೇಳುವ ಪದ್ಧತಿ: "ಹುಡುಗಿಗೆ ಏನಾದ್ರೂ ಊನ ಐತಾ, ಈಗ್ಲೇ ಹೇಳ್ಬಿಡ್ರಿ." ಅಪ್ಪ ಹಣೆತುಂಬ ವಿಭೂತಿ ಹಚ್ಚಿ ಕೂತಿದ್ದರು. ಹೌದೆನ್ನಲೂ ಆಗದೆ, ಸುಳ್ಳು ಹೇಳಲೂ ಆಗದೆ ನನ್ನ ಮುಖ ನೋಡಿದರು.

ನಾನು ಗಂಟಲು ಸರಿಮಾಡಿಕೊಂಡೆ. "ಸ್ವಲ್ಪ ಆಸ್ತಮಾ ಐತೆ ಅಷ್ಟೆ. ಹೊನ್ನಾಳಿ ಡಾಕ್ಟ್ರು ಬರೆದುಕೊಟ್ಟಾರೆ" ಎಂದೆ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಇಂಗ್ಲಿಷ್ ಓದಿದ ಹುಡುಗನ ಮುಂದೆ ಹಾಗಂದರೇನು ಎಂದು ಕೇಳಲು ಯಾರಿಗೂ ಮನಸ್ಸಿಲ್ಲ. "ಅದಿರ್ತೈತೆ ಬಿಡ್ರಿ, ದೊಡ್ಡದೇನಲ್ಲ" ಎಂದರು ಒಬ್ಬರು. ಬಾಗಿಲ ಬಳಿ ಕೂತಿದ್ದ ಹುಡುಗನ ತಾಯಿ ಮಾತ್ರ ಕೇಳಿದರು: "ಹಂಗಂದ್ರೇನಪ್ಪ?"

"ನೆಗಡಿ ಜಾತಿದು, ಅಮ್ಮಾ. ಥಂಡಿಗೆ ಬಂದು ಹೋಗ್ತೈತೆ."

ಅವರು ತಲೆಯಾಡಿಸಿದರು. ಎಲೆ ಅಡಿಕೆ ಆಯಿತು. ರಾತ್ರಿ ಅಪ್ಪ ನನ್ನ ಬೆನ್ನು ಸವರಿ, "ಓದಿಸಿದ್ದಕ್ಕೂ ಸಾರ್ಥಕ ಆತು ನೋಡು" ಅಂದರು. ನನಗೂ ಹಾಗೇ ಅನ್ನಿಸಿತ್ತು. ಸುಳ್ಳೂ ಅಲ್ಲ, ಸಂಬಂಧವೂ ತಪ್ಪಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಹಾಲಮ್ಮ, ಗಂಡನ ಮನೆಗೆ ಹೊರಡುವ ಹಿಂದಿನ ದಿನ ನನ್ನ ಹತ್ತಿರ ಬಂದಳು. "ಅಣ್ಣಾ, ಆ ಮಾತು ನನಗೂ ಕಲಿಸು. ಅಲ್ಲಿ ಕೇಳಿದ್ರೆ ನಾನೂ ಅದನ್ನೇ ಹೇಳ್ಬೇಕಲ್ಲ." ಕಲಿಸಿದೆ. ಅವಳು ಹತ್ತು ಸಲ ಹೇಳಿ ನಾಲಿಗೆಗೆ ಹೊಂದಿಸಿಕೊಂಡಳು. "ಗೂರಲು ಅನ್ನಬೇಡ ಮತ್ತೆ. ಸತ್ರೂ ಅನ್ನಬೇಡ" ಎಂದೆ. ಹೌದು, ಹಾಗೇ ಅಂದೆ. ನನ್ನ ಮೊದಲನೆಯ ಶಿಷ್ಯೆ ಅವಳೇ. ಮುಂದೆ ಚನ್ನಗಿರಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಎಷ್ಟೋ ಮಕ್ಕಳಿಗೆ ಕಲಿಸಿದೆ, ಅವಳಷ್ಟು ಹೇಳಿದ್ದನ್ನು ಹೇಳಿದ ಹಾಗೆ ಪಾಲಿಸಿದವರು ಇನ್ನೊಬ್ಬರಿಲ್ಲ.

ಪಂಚಮಿಗೆ ಬಂದಾಗ ಮೈ ಕೈ ತುಂಬಿಕೊಂಡಿದ್ದಳು. "ಅಲ್ಲಿ ಹೊಗೆ ಇಲ್ಲಣ್ಣ. ಒಂದೇ ಸಲ ಬಂದಿದ್ದು, ಹಿತ್ತಲಾಗೆ ಕೂತು ಸುಧಾರಿಸ್ಕಂಡೆ, ಯಾರಿಗೂ ಗೊತ್ತಾಗಲಿಲ್ಲ" ಎಂದಳು. ಅವಳ ಕೈಗೆ ಬಳೆ ತೊಡಿಸುತ್ತಾ ಅವ್ವ ಡಾಕ್ಟರನ್ನು ಹರಸಿದಳು.

ಅವಳು ತೀರಿಹೋದದ್ದು ಆ ಸುಗ್ಗಿಯಲ್ಲೇ. ಸುದ್ದಿ ತಿಳಿದು, ದಾವಣಗೆರೆ ಹಾದು, ಬಸ್ಸು ಗಾಡಿ ಹತ್ತಿ ಇಳಿದು ನಾನೂ ಅಪ್ಪನೂ ಸೊಕ್ಕೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಲು ನಮಗಾಗಿ ಕಾಯುತ್ತಿದ್ದರು. ಕಣದಲ್ಲಿ ನವಣೆ ತೂರುವಾಗ ಆದದ್ದು. ಒಣ ಸೀಮೆಗೆ ಹೊಗೆ ಇಲ್ಲದಿರಬಹುದು, ಸುಗ್ಗಿಯ ಧೂಳಿದೆ, ಕಾಳಿನಿಂದ ಹಾರಿ ಮೂಗಿಗೇರುವ ಸುಂಕು ಇದೆ ಎಂಬುದು ಡಾಕ್ಟರಿಗೂ ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

ಮೂರನೆಯ ದಿನ ಅವಳ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು. ಅತ್ತು ಅತ್ತು ಅವರ ದನಿ ಹೋಗಿತ್ತು.

"ತಮ್ಮಾ, ಕಣಕ್ಕೆ ಬಾ ಅಂದಾಗ, ಅತ್ತೆ ನನಗೆ ಆಸ್ತಮಾ ಐತೆ ಅಂದ್ಲು. ನೆಗಡಿಗೇನಾಗ್ತೈತೆ, ಮೂಗಿಗೆ ಸೆರಗು ಕಟ್ಕಂಡು ನಿಂತ್ಕ ಅಂದೆ. ಮತ್ತೆ ಮಾತಾಡಲಿಲ್ಲ. ಆಮೇಲೆ ಉಸಿರಿಗೆ ಒದ್ದಾಡಾಕೆ ಹತ್ತಿದಾಗ್ಲೂ ನನ್ನ ಕೈ ಹಿಡ್ಕಂಡು ಅದೇ ಮಾತು ಅಂದ್ಲು. ಅದು ಗೂರಲಾ?"

"ಹೂಂ" ಎಂದೆ.

ಅವರು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತರು. ಬೈಯಲಿ ಎಂದು ನಾನು ಕಾದೆ. ಬೈಯಲಿಲ್ಲ.

"ನಮ್ಮತ್ತೇಗೂ ಗೂರಲಿತ್ತು. ಮುಪ್ಪಾಗಿ ಸತ್ರು. ಸುಗ್ಗಿ ಬಂತು ಅಂದ್ರೆ ಅವರನ್ನ ಕಣದ ಕಡೆ ಬರಾಕೆ ಬಿಡ್ತಿರಲಿಲ್ಲ, ಮನ್ಯಾಗೆ ಕೂರಿಸಿ ರೊಟ್ಟಿ ಮಾಡ್ರಿ ಅಂತಿದ್ವಿ. ಗೂರಲು ಅಂದಿದ್ರೆ ನಾವು ಹುಡುಗೀನ ಬ್ಯಾಡ ಅಂತಿರಲಿಲ್ಲ ತಮ್ಮಾ. ಕಣಕ್ಕೆ ಕರೀತಿರಲಿಲ್ಲ."

ಜಗಲಿಗೆ ಬಂದಾಗ ಅಪ್ಪ, "ಏನಂದ್ರು?" ಎಂದು ಕೇಳಿದರು. "ಊಟಕ್ಕೆ ಏಳ್ರಿ ಅಂದ್ರು" ಎಂದೆ. ಆ ಡಾಕ್ಟರನ್ನು ಬೈಯುತ್ತಲೇ ಅಪ್ಪ ತೀರಿಕೊಂಡರು, ಅವರ ಹಿಂದೆಯೇ ಅವ್ವ. ಅವರಿಬ್ಬರ ಮುಂದೆ ನಾನು ಬಾಯಿಬಿಡಲಿಲ್ಲ. ಕಟ್ಟಿಕೊಂಡ ಹೆಂಡತಿಯ ಮುಂದೆಯೂ, ತಂಗಿ ಜ್ವರದಲ್ಲಿ ಹೋದಳು ಎಂದೇ ಹೇಳಿಕೊಂಡು ಬಂದೆ.

ಔಷಧಿ ಅಂಗಡಿಯಿಂದ ಆ ದಿನ ಬರಿಗೈಲಿ ಮನೆಗೆ ಬಂದೆ. ಹೆಂಡತಿ, "ಎಣ್ಣೆ ಎಲ್ಲಿ?" ಎಂದಳು. ಅವಳನ್ನು ಕೂರಿಸಿಕೊಂಡು, ಮದುವೆಯಾದ ಇಷ್ಟು ವರ್ಷಗಳ ಮೇಲೆ, ಮೊದಲ ಸಲ ಹೇಳಿದೆ: "ನಮ್ಮ ಹಾಲಮ್ಮನಿಗೆ ಗೂರಲಿತ್ತು ಕಣೇ."