ಟವಲ್ ಎತ್ತಿದ ವಿಲನ್

ಹಿಂದೂಪುರದಲ್ಲಿ, ಬೆನ್ನ ಹಿಂದೆ ಬಟ್ಟೆ ಹಾರಿಸ್ಕೊಂಡು ಓಡಾಡೋ ಸೂಪರ್ ಹೀರೋ ಸಿನಿಮಾ ನೋಡಿ ಬಂದಿದ್ದೆ. ಲೋಕಾನೇ ಸುಡ್ತೀನಿ ಅಂತ ವಿಲನ್ ಸಿನಿಮಾ ಪೂರ್ತಿ ಕೂಗಾಡಿದರೂ ನನಗೆ ಒಂಚೂರೂ ಭಯ ಆಗಿರಲಿಲ್ಲ.

ಲೇಪಾಕ್ಷಿ ಬಸ್ಸು ಬಂತು. ಎಲ್ಲರಂತೆ ನಾನೂ ಕಿಟಕಿಯಿಂದ ಸೀಟಿಗೆ ಟವಲ್ ಎಸೆದು, ಟೀ ಮುಗಿಸಿ ಆರಾಮಾಗಿ ಹತ್ತಿದೆ. ನೋಡಿದರೆ ಆ ಸೀಟಿನಲ್ಲಿ ಒಬ್ಬ ಅಜ್ಜಿ ಕೂತಿದ್ದಾರೆ. ನನ್ನ ಟವಲ್ ಅವರ ಮಡಿಲಲ್ಲಿ ನೀಟಾಗಿ ಮಡಚಿಟ್ಟಿದೆ.

"ಅಜ್ಜಿ, ಅದು ನಾನು ಹಿಡಿದ ಸೀಟು."

ಅಜ್ಜಿ ದನಿ ಏರಿಸಲಿಲ್ಲ. "ನಾನು ಬಾಗಿಲಾಗೆ ನೂಕಿಸ್ಕಂಡು ಹತ್ತಿದೀನಿ ಕಣಪ್ಪ. ನಿನ್ನ ಟವಲ್ಲು ಕಿಟಕಿಯಾಗೆ ಹಾರ್ಕಂಡು ಬಂತು. ಕಾಲು ನೋಯೋದು ಯಾರಿಗೆ, ನೀನೇ ಹೇಳು."

"ಅವ್ವ ಚೆಪ್ಪಿಂದಿ ಕರೆಕ್ಟೇ," ಅಂತ ಕಂಡಕ್ಟರ್ ತೆಲುಗಿನಲ್ಲಿ ಅಜ್ಜಿ ಪರವಾಗಿ ತೀರ್ಪು ಕೊಟ್ಟ.

ಈಗ ನನಗೆ ನಿಜಕ್ಕೂ ಭಯ ಆಯ್ತು. ನನ್ನದನ್ನ ಕಿತ್ಕೊಂಡಿದ್ದಾರೆ, ಆದರೆ ಅವರ ಮಾತಲ್ಲಿ ತಪ್ಪೇ ಸಿಗ್ತಿಲ್ಲ. ಸಿನಿಮಾದ ವಿಲನ್‌ಗೆ ಇಲ್ಲದ್ದು ಇಂಥ ನ್ಯಾಯಾನೇ ಅಂತ ಹೊಳೆದು, ಖುಷಿ ತಡೆಯಲಾರದೆ, "ಅಜ್ಜಿ, ನೀವು ಒಳ್ಳೇ ವಿಲನ್ನು," ಅಂದುಬಿಟ್ಟೆ.

ಅಜ್ಜಿ ಟವಲನ್ನ ನನ್ನ ಕೈಗಿಟ್ಟರು. "ಹಂಗಾದ್ರೆ ನೀನು ಹೀರೋ ಅಲ್ವೇನಪ್ಪ, ನಿಂತ್ಕಾ."

ಟವಲ್ ಹೆಗಲಿಗೆ ಹಾಕಿ ಕಂಬಿ ಹಿಡಿದೆ. ಲೇಪಾಕ್ಷಿವರೆಗೂ ಅದು ಗಾಳಿಗೆ ಬೆನ್ನ ಹಿಂದೆ ಪಟಪಟ ಹಾರ್ತಾನೇ ಇತ್ತು.